ಶಿರೀನ್ ಇದ್ದ ಕ್ಯಾಸೆಟ್ಟು

ಲಿವೋನಿಯಾದಿಂದ ಗ್ಲೆಂಡೇಲ್ ಹೈಟ್ಸಿಗೆ ಹತ್ತಿರ ಹತ್ತಿರ ಮುನ್ನೂರು ಮೈಲಿ. ಗಂಡ ಸತ್ಯನಾರಾಯಣರಿಗೆ ಕಣ್ಣಿನ ಆಪರೇಷನ್ ಆಗಿದ್ದರಿಂದ ಪದ್ಮಳೇ ಡ್ರೈವ್ ಮಾಡುತ್ತಿದ್ದಳು. ಸೊಂಟ ಸೋತಿತ್ತು, ಮನಸ್ಸು ಅದಕ್ಕಿಂತ ಸೋತಿತ್ತು. ಇಪ್ಪತ್ತೆಂಟು ವರ್ಷ ಒಂದು ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡರೆ ಸೋಲದೆ ಇನ್ನೇನಾಗುತ್ತದೆ?

ಹಿಂದಿನ ಸೀಟಿನಲ್ಲಿ ಒಂದು ಹಳೇ ವಿಡಿಯೋ ಕ್ಯಾಸೆಟ್ಟು. ಢಾಕಾದ ಮೊಯಿನುಲ್ ಭಾಯಿ ಪ್ರಾಯದಲ್ಲಿ ಅಲ್ಲಿನ ಟಿವಿಗೆಂದು ಮಾಡಿದ ಮೊದಲ ಸಿನಿಮಾದ್ದು. ಒಂದೇ ಸಲ ಪ್ರಸಾರವಾಗಿದ್ದು, ಢಾಕಾದಲ್ಲೂ ಇನ್ನೊಂದು ಪ್ರತಿ ಇಲ್ಲ. ಅವರ ಹೆಂಡತಿ ಶಿರೀನಳೇ ನಾಯಕಿ. ಗ್ಲೆಂಡೇಲ್ ಹೈಟ್ಸಿಗೆ ಹೋಗುವ ಮುಂಚೆ, ಲಿವೋನಿಯಾದಲ್ಲಿ ಇವರ ಪಕ್ಕದ ಮನೆಯಲ್ಲಿದ್ದಾಗ ಅವರ ಬೇಸ್‌ಮೆಂಟಿಗೆ ನೀರು ನುಗ್ಗಿತ್ತು. ಜೋಪಾನವಾಗಿರಲಿ ಎಂದು ಇವರ ಕೈಗೆ ಕೊಟ್ಟಿದ್ದರು. ಹೋದ ವರ್ಷ ಶಿರೀನ್ ತೀರಿಕೊಂಡಳು. ಶನಿವಾರ ಲೈಬ್ರರಿಯಲ್ಲಿ ಅವಳ ನೆನಪಿಗೆ ಸಿನಿಮಾ ತೋರಿಸಬೇಕು, ಕ್ಯಾಸೆಟ್ ತನ್ನಿ ಎಂದು ಭಾಯಿಯ ಫೋನ್ ಬಂದಿತ್ತು.

ಸಿನಿಮಾ ಎಲ್ಲಿದೆ ತರಲು? ಮಗಳು ನಿಹಾರಿಕಾಳ ನಾಮಕರಣದ ದಿನ ಖಾಲಿ ಕ್ಯಾಸೆಟ್ ಇರಲಿಲ್ಲ. ಮೇಲೆ ಯಾರೂ ರೆಕಾರ್ಡ್ ಮಾಡದಿರಲೆಂದು ಭಾಯಿ ಅಂಚಿನ ಪ್ಲಾಸ್ಟಿಕ್ ತುಂಡು ಮುರಿದಿಟ್ಟಿದ್ದ ಕಿಂಡಿಗೆ ಸೆಲೋಟೇಪ್ ಅಂಟಿಸಿ, ಪದ್ಮಳೇ ಇದನ್ನು ಕ್ಯಾಮೆರಾಕ್ಕೆ ತುರುಕಿ ಸಿನಿಮಾದ ಮೇಲೇ ನಾಮಕರಣ ರೆಕಾರ್ಡ್ ಮಾಡಿದ್ದಳು. ಹೊಸದೊಂದು ತರಲು ಏನು ರೋಗ ಬಂದಿತ್ತೋ! ಆ ನಾಚಿಕೆಗೆ ಮತ್ತೆಂದೂ ಅದನ್ನು ಹಾಕಿ ನೋಡಲೂ ಇಲ್ಲ.

"ಯಾಕೆ, ಬಾಯಿಗೆ ಬೀಗ ಹಾಕ್ಕೊಂಡಿದೀಯ?" ಎಂದರು ಗಂಡ.

"ಏನಿಲ್ಲ ರೀ. ಎಕ್ಸಿಟ್ ಹುಡುಕ್ತಿದೀನಿ."

ಮೊಯಿನುಲ್ ಭಾಯಿ ವಿಸಿಆರ್ ಒರೆಸಿಟ್ಟುಕೊಂಡು ಕಾಯುತ್ತಿದ್ದರು. ಎರಡೂ ಕೈಯೊಡ್ಡಿ ಕ್ಯಾಸೆಟ್ ತೆಗೆದುಕೊಂಡರು. ಆಗ ಪದ್ಮ ನಿಂತಲ್ಲೇ ಎಲ್ಲ ಹೇಳಿಬಿಟ್ಟಳು. ಸತ್ಯನಾರಾಯಣ ಅವಳನ್ನೇ ನೋಡಿದರು. ಭಾಯಿ ಕ್ಯಾಸೆಟ್ಟನ್ನು ವಿಸಿಆರ್ ಒಳಗೆ ತಳ್ಳಿದರು.

ಟಿವಿಯಲ್ಲಿ ತೊಟ್ಟಿಲು, ಹೂವು, ಗಲಾಟೆ. ಮೂಲೆಯ ಕುರ್ಚಿಯಲ್ಲಿ ಶಿರೀನ್! ಅವಳು ಬಂದಿದ್ದೇ ಪದ್ಮಳಿಗೆ ಮರೆತುಹೋಗಿತ್ತು. ಚಿರೋಟಿ ಮುರಿದು ಸೀರೆ ತುಂಬ ಪುಡಿ ಮಾಡಿಕೊಂಡು, ಬೆರಳಿನ ಹಾಲು ನೆಕ್ಕುತ್ತ, ಕ್ಯಾಮೆರಾವನ್ನು ಅತ್ತ ಹೋಗೆಂದು ಕೈಬೀಸಿ ನಗುತ್ತಿದ್ದಳು.

ನಾಮಕರಣ ಮುಗಿದು ತೆರೆ ಅಲುಗಿತು. ಸಿನಿಮಾದ ಬಾಲ ಉಳಿದಿತ್ತು: ಕಪ್ಪು ತೆರೆ, ಒಂದು ಸಾಲು ಬಂಗಾಳಿ ಅಕ್ಷರ.

"ನಿರ್ದೇಶನ, ಮೊಯಿನುಲ್ ಹಕ್," ಭಾಯಿ ಓದಿದರು. ಅಷ್ಟೇ ಇದ್ದದ್ದು.

ಪದ್ಮಳಿಗೆ ಅಳು ಬಂತು.

ಭಾಯಿ ತಮ್ಮ ಹಿಂದಿಯಲ್ಲಿ ಹೇಳಿದರು: "ಆ ಸಿನಿಮಾದಲ್ಲಿ ಅವಳಿಗೆ ಅಳೋ ಪಾತ್ರ ಕೊಟ್ಟಿದ್ದೆ, ಭಾಭಿ. ಒಂದೊಂದು ಸೀನಿಗೂ ಹತ್ತು ಸಲ ಅಳು ಅಂದೆ." ರಿಮೋಟನ್ನು ಅವಳ ಕೈಗಿಟ್ಟರು. "ನನ್ನ ಹೆಸರು ಸಾಕು. ಹಿಂದಕ್ಕೆ ಓಡಿಸಿ, ಅವಳು ತಿನ್ನೋ ಜಾಗಕ್ಕೆ."