ಕಡೆಯ ಚಿತ್ರದ ಹೇಳಿಕೆ

ಮೂಡುಬಿದಿರೆಯ ಮರ್ಯಾದಸ್ಥ ಮನೆಗಳ ಹೆಂಗಸರು ಆ ಕಾಲದಲ್ಲಿ ಟೆಂಟಿನ ಸಿನೆಮಾಕ್ಕೆ ತಾವಾಗಿ ಹೋಗುತ್ತಿರಲಿಲ್ಲ. ಗಂಡಸರಿಗಾದರೆ ಡೋಲು ಬಡಿದು ನೋಟೀಸು ಹಂಚಿದರೆ ಸಾಕಿತ್ತು. ಹೆಂಗಸರಿಗೆ ಹೇಳಿಕೆ ಆಗಬೇಕು. ಮದುವೆಗೆ, ಸೀಮಂತಕ್ಕೆ ಹೇಳುವ ಹಾಗೆ ಒಬ್ಬ ಹೆಂಗಸು ಮನೆಗೆ ಬಂದು, ಚಾವಡಿಯಲ್ಲಿ ಕೂತು, ಕೊಟ್ಟ ಬೆಲ್ಲ ನೀರು ಕುಡಿದು, "ನಾಳೆಯಿಂದ ನಮ್ಮಲ್ಲಿ ಹೊಸ ಚಿತ್ರ ಉಂಟು, ನೀವೆಲ್ಲ ಬರಬೇಕು" ಎನ್ನಬೇಕು. ಹಾಗೆ ಹೇಳಿದ ಮೇಲೆ ಹೋಗದಿದ್ದರೆ ಹೇಳಿದವಳಿಗೆ ಅವಮಾನ.

ಈ ಪದ್ಧತಿ ಹಾಕಿದವಳು ನೀಲಾವತಿ. ಅವಳ ಗಂಡ ಸುಬ್ಬಯ್ಯನ ಟೂರಿಂಗ್ ಟಾಕೀಸು ದೀಪಾವಳಿಗೆ ಬಂಟ್ವಾಳದಲ್ಲಿ ಡೇರೆ ಹಾಕಿ, ಅಲ್ಲಿಂದ ಬೆಳ್ತಂಗಡಿಗೆ ಹೋಗಿ, ಬೇಸಗೆಗೆ ಮೂಡುಬಿದಿರೆಗೆ ಬರುತ್ತಿತ್ತು. ಮೊದಲ ವರ್ಷ ಹೆಂಗಸರು ಕೂರುವ ಬದಿಯ ಮರಳು ಖಾಲಿ ಬಿದ್ದಿದ್ದನ್ನು ನೋಡಿ ಅವಳು ಒಂದು ಮಧ್ಯಾಹ್ನ ನಾಲ್ಕು ಮನೆಗೆ ಹೋಗಿ ಕರೆದಳು. ಆ ನಾಲ್ಕು ಮನೆಗಳಿಂದ ಸಂಜೆ ಇಪ್ಪತ್ತಾರು ಮಂದಿ ಬಂದರು. ಅಂದಿನಿಂದ ಹೊಸ ಚಿತ್ರದ ರೀಲಿನ ಪೆಟ್ಟಿಗೆ ಬಂದ ದಿನ ನೀಲಾವತಿ ತಲೆ ಬಾಚಿ, ಮನೆಮನೆಗೆ ಕೊಡಲು ಚಿತ್ರದ ಪದ್ಯದ ಪುಸ್ತಕಗಳ ಕಟ್ಟು ಹಿಡಿದು ಹೊರಡುವುದು ವಾಡಿಕೆಯಾಯಿತು. ಆಟದ ಹೊತ್ತಿಗೆ ಹೆಂಗಸರ ಗೇಟಿನಲ್ಲಿ ನಿಂತು ಒಬ್ಬೊಬ್ಬರನ್ನೇ ಹೆಸರು ಹಿಡಿದು ಮಾತಾಡಿಸಿ ಒಳಗೆ ಬಿಡುವವಳೂ ಅವಳೇ.

ವೇಣೂರಿನಲ್ಲಿ ಗಂಡನ ಅಣ್ಣನ ಹೆಂಡತಿ ಲೋಲಾಕ್ಷಿ ಇದನ್ನು ಆಡಿಕೊಳ್ಳದ ದಿನವಿಲ್ಲ. "ನಮ್ಮ ಮನೆಯ ಸಣ್ಣ ಸೊಸೆಗೆ ಊರಿಡೀ ಹೇಳಿಕೆ ಕೊಡ್ಲಿಕ್ಕೆ ಪುರುಸೊತ್ತು ಉಂಟು, ಮನೆಯ ಪೂಜೆಗೆ ಬರ್ಲಿಕ್ಕೆ ಮಾತ್ರ ಇಲ್ಲ" ಎಂದು ಬಂದವರೆದುರು ಹೇಳುತ್ತಿದ್ದಳು. ಡೇರೆ ಮಡಚಿಡುವ ಮಳೆಗಾಲದ ನಾಲ್ಕು ತಿಂಗಳು ನೀಲಾವತಿ ಆ ಅಡುಗೆಮನೆಯಲ್ಲಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತ ಕಳೆಯುತ್ತಿದ್ದಳು. ಆ ದಿನಗಳಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ.

ಆಣೆ ಹೋಗಿ ಹೊಸ ಪೈಸೆ ಬಂದ ವರ್ಷ ಅದು. ಬೆಳ್ತಂಗಡಿಯಲ್ಲಿ ಚಿತ್ರ ತೋರಿಸುವ ಯಂತ್ರ ಕೆಟ್ಟು ಹದಿನೈದು ದಿನ ಆಟವೇ ಆಗಿರಲಿಲ್ಲ. ಯಂತ್ರವನ್ನೂ ಡೇರೆಯನ್ನೂ ಒಟ್ಟಿಗೆ ಕೊಳ್ಳಲು ಕಾರ್ಕಳದವರೊಬ್ಬರು ತಯಾರಾಗಿದ್ದರು. ಮೇ ತಿಂಗಳ ಕೊನೆಗೆ ಆ ವರ್ಷದ ಕಡೆಯ ಚಿತ್ರದ ಪೆಟ್ಟಿಗೆ ಮಂಗಳೂರಿನಿಂದ ಬಸ್ಸಿನ ಮೇಲೆ ಬಂದಿಳಿದಾಗ ಸುಬ್ಬಯ್ಯ ಹೆಂಡತಿಗೆ ಹೇಳಿಬಿಟ್ಟ.

"ಇದು ಓಡಿದರೆ ದೀಪಾವಳಿಗೆ ಪುನಃ ಬಂಟ್ವಾಳ. ಓಡದಿದ್ದರೆ ಕಾರ್ಕಳದವರಿಗೆ ಕೊಟ್ಟು ವೇಣೂರಿನಲ್ಲೇ ಇರುವ. ಅಣ್ಣನೊಟ್ಟಿಗೆ ಗದ್ದೆ ನೋಡಿದರಾಯ್ತು."

ವೇಣೂರಿನಲ್ಲೇ, ಎಂದರೆ ಹನ್ನೆರಡು ತಿಂಗಳೂ. ನೀಲಾವತಿ ಪದ್ಯದ ಪುಸ್ತಕಗಳನ್ನು ಜೋಡಿಸತೊಡಗಿದಳು.

ಪೆಟ್ಟಿಗೆಯ ಜೊತೆ ಕಂಪೆನಿಯ ಏಜೆಂಟ್ ಶೇಖರ ಬಂದಿದ್ದ. ಪೆಟ್ಟಿಗೆ ಹೋದ ಊರಿಗೆಲ್ಲ ಹೋಗಿ, ಆಟ ಮುಗಿದ ಮೇಲೆ ಅದನ್ನು ಮುಂದಿನ ಊರಿಗೆ ಮುಟ್ಟಿಸುವುದು ಅವನ ಕೆಲಸ. ಕೈಕಾಲು ತೊಳೆದು ಊಟಕ್ಕೆ ಕೂತವನು ಊರ ಸುದ್ದಿಗಳನ್ನೆಲ್ಲ ಬಿಚ್ಚಿದ.

"ಒಳ್ಳೆಯ ಚಿತ್ರ, ಸುಬ್ಬಯ್ಯಣ್ಣ. ಅತ್ತಿಗೆ ನಾದಿನಿಯರ ಕಥೆ. ಪೂರಾ ಹೆಂಗಸರದ್ದು. ಬೇರೆ ವರ್ಷವಾದರೆ ಮೂರು ವಾರಕ್ಕೆ ಮೋಸ ಇರಲಿಲ್ಲ. ಈಗ ಈ ಸಿಂಗಾಪುರದ ಜ್ವರ ಬಂದದ್ದೇ ತಾಪತ್ರಯ. ಮದ್ರಾಸಿಗೆ ಹಡಗಿನಲ್ಲಿ ಬಂತಂತೆ, ಈಗ ಮಂಗಳೂರಿನಲ್ಲೂ ಮನೆಮನೆಯಲ್ಲಿ ಮಲಗಿದ್ದಾರೆ. ಥಿಯೇಟರಿನಲ್ಲಿ ಕುರ್ಚಿಗಳು ಒಂದಕ್ಕೊಂದು ಮುಖ ನೋಡಿಕೊಂಡು ಕೂತಿವೆ."

"ಇಲ್ಲಿಗೆ ಬಂದಿಲ್ಲವಲ್ಲ" ಎಂದ ಸುಬ್ಬಯ್ಯ.

"ನಾನು ಬಂದೆನಲ್ಲ" ಎಂದು ಶೇಖರ ನಕ್ಕು, ಸಾರಿಗೆ ಕೈ ನೀಡಿದ. "ಅಕ್ಕ ಒಂದು ಸುತ್ತು ಹೇಳಿಕೆ ಕೊಟ್ಟು ಬರಲಿ. ನಾಲ್ಕು ದಿನ ಹೆಂಗಸರು ತುಂಬಿದರೆ ಸಾಕು, ಆಮೇಲೆ ಜ್ವರ ಬಂದರೂ ಬರಲಿ."

ನೀಲಾವತಿ ಮಧ್ಯಾಹ್ನ ಹೊರಟಳು. ಯಾವಾಗಲೂ ಮೊದಲ ಮನೆ ಪೂವಮ್ಮನದ್ದು. ಪೂವಮ್ಮ ಹೊರಟರೆ ಆ ಬೀದಿಯ ಹತ್ತು ಮನೆಯವರೂ ಹೊರಡುತ್ತಿದ್ದರು. ಚಾವಡಿಯಲ್ಲಿ ಯಾರೂ ಇರಲಿಲ್ಲ. ಒಳಗಿನಿಂದ ಕೆಮ್ಮು ಕೇಳಿಸಿತು. ಪೂವಮ್ಮ ನಡುಕೋಣೆಯಲ್ಲಿ ಚಾಪೆಯ ಮೇಲೆ ಕಂಬಳಿ ಹೊದ್ದು ಮಲಗಿದ್ದರು. ಪಕ್ಕದಲ್ಲಿ ಇಬ್ಬರು ಮೊಮ್ಮಕ್ಕಳೂ ಮಲಗಿದ್ದರು. ಮೂವರ ಕಣ್ಣುಗಳೂ ಕೆಂಪಾಗಿದ್ದವು.

"ಬಾ ನೀಲಾ, ಕೂತ್ಕೊ" ಎಂದು ಪೂವಮ್ಮ ಏಳಲು ನೋಡಿದರು. "ಪೆಟ್ಟಿಗೆ ಬಂತಾ? ಬೆಳಿಗ್ಗೆ ಡೋಲು ಕೇಳಿಸಿತು."

"ಏಳಬೇಡಿ ಪೂವಕ್ಕ. ಎಷ್ಟು ದಿನ ಆಯ್ತು ಜ್ವರ?"

"ನಿನ್ನೆಯಿಂದ. ಮೈಕೈ ಎಲ್ಲ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗೆ. ಹೋಗ್ಲಿ, ನಾಳೆಗೆ ಬಿಡ್ತದೆ." ಅವರು ಸೊಸೆಯನ್ನು ಕರೆದು, "ನನ್ನ ಹಸಿರು ಸೀರೆಯನ್ನು ಪೆಟ್ಟಿಗೆಯಿಂದ ತೆಗೆದಿಡು. ನೀಲಾ ಹೇಳ್ಲಿಕ್ಕೆ ಬಂದಿದ್ದಾಳೆ. ಅವಳು ಬಂದು ಹೇಳಿದ ಮೇಲೆ ಹೋಗದಿದ್ದರೆ ಹೇಗೆ?" ಎಂದರು.

ನೀಲಾವತಿಯ ನಾಲಗೆಯ ತುದಿಯಲ್ಲಿ ಆ ಮಾತು ಆಗಲೇ ಇತ್ತು. ನಾಲ್ಕು ವರ್ಷಗಳಿಂದ ಹೇಳಿ ಹೇಳಿ ಅದು ತಾನಾಗಿ ಬರುತ್ತಿತ್ತು. ಈ ಮಾತು ಕೇಳಿದರೆ ಇವರು ಬರುತ್ತಾರೆ, ಗೋಡೆ ಹಿಡಿದುಕೊಂಡಾದರೂ ಬರುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಮೊಮ್ಮಕ್ಕಳೂ ಸೆರಗು ಹಿಡಿದು ಬಂದಾರು. ಹತ್ತು ಮನೆಯವರು ಬಂದು ಇವರ ಮಗ್ಗುಲಲ್ಲಿ ಮರಳ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಾರೆ. ತನ್ನ ಮಾತಿಗೆ ಇಷ್ಟು ತೂಕ ಇದೆಯೆಂದು ಅವಳು ಎಷ್ಟೋ ಸಲ ಒಳಗೊಳಗೇ ಹಿಗ್ಗಿದ್ದಳು. ಈಗ ಆ ತೂಕವೇ ಹೆದರಿಕೆ ಹುಟ್ಟಿಸಿತು.

"ಹೇಳಿಕೆಗೆ ಅಲ್ಲ ಪೂವಕ್ಕ" ಎಂದಳು. "ಸುಮ್ಮನೆ ನೋಡಿ ಹೋಗುವ ಅಂತ ಬಂದದ್ದು."

ಪೂವಮ್ಮ ಅವಳ ಮಡಿಲಲ್ಲಿದ್ದ ಪದ್ಯದ ಪುಸ್ತಕಗಳ ಕಟ್ಟನ್ನು ನೋಡಿದರು. ಆಮೇಲೆ ಅವಳ ಮುಖ ನೋಡಿದರು.

"ಹಾಗಾದರೆ ಸೀರೆ ತೆಗೆಯುವುದು ಬೇಡ" ಎಂದು ಸೊಸೆಗೆ ಹೇಳಿ, ಮೆಲ್ಲಗೆ ಗೋಡೆಯ ಕಡೆ ತಿರುಗಿ ಮಲಗಿದರು. ಆ ಬೆನ್ನು ಸಡಿಲಾದದ್ದು ಕಂಬಳಿಯ ಮೇಲಿನಿಂದಲೂ ಕಾಣುತ್ತಿತ್ತು.

ನೀಲಾವತಿ ಎರಡನೆಯ ಮನೆಗೆ ಹೋಗಲಿಲ್ಲ. ದಾರಿಯ ಕಟ್ಟೆಯೊಂದರ ಮೇಲೆ ಸ್ವಲ್ಪ ಹೊತ್ತು ಕೂತಳು. ವೇಣೂರಿನ ಅಡುಗೆಮನೆ, ಅಲ್ಲಿಯ ಹೊಗೆ, ಲೋಲಾಕ್ಷಿಯ ಕೀಲಿಗೊಂಚಲು ಕಣ್ಣ ಮುಂದೆ ಬಂದವು. ಎದ್ದು ಹೋಗಿ ಜ್ವರ ಇಲ್ಲದ ಮನೆಗಳಿಗೆ ಮಾತ್ರ ಹೇಳಬಹುದಲ್ಲ ಎಂದುಕೊಂಡಳು. ಆದರೆ ಹೇಳಿದರೆ ನಾಳೆ ಟೆಂಟಿನಲ್ಲಿ ಅವರಿಗೂ ಹಿಡಿಯುತ್ತದೆ. ಪುಸ್ತಕಗಳನ್ನು ಎತ್ತಿಕೊಂಡು ಬಿಡಾರಕ್ಕೆ ಹಿಂದಿರುಗಿದಳು.

ಕಟ್ಟು ಬಿಚ್ಚದೆ ಬಂದದ್ದನ್ನು ನೋಡಿ ಸುಬ್ಬಯ್ಯನಿಗೆ ಅರ್ಥವಾಗಲಿಲ್ಲ.

"ಮನೆಯಲ್ಲಿ ಯಾರೂ ಇರಲಿಲ್ವಾ?"

"ಇದ್ದರು. ನಾನು ಹೇಳಲಿಲ್ಲ."

"ಹೇಳಲಿಲ್ಲ ಅಂದರೆ?"

"ಪೂವಕ್ಕನಿಗೆ ಮೈ ಕೆಂಡದ ಹಾಗೆ ಸುಡ್ತಾ ಉಂಟು. ಆದರೂ ಸೀರೆ ತೆಗೆದಿಡು ಅಂದರು. ನಾನು ಹೇಳಿದರೆ ಬರುವವರು ಅವರು. ಹೇಗೆ ಹೇಳಲಿ?"

"ಬರುವುದು ಬಿಡುವುದು ಅವರಿಗೆ ಬಿಟ್ಟದ್ದು, ಮಾರಾಯ್ತಿ. ನೋಟೀಸು ನೋಡಿ ಗಂಡಸರು ಬರ್ತಾರಲ್ಲ, ಹಾಗೆ."

"ನೋಟೀಸು ನೋಡಿ ಬಂದರೆ ಬರಲಿ. ಹೇಳಿಕೆ ಕೊಟ್ಟರೆ ಅದು ಅವರಿಗೆ ಬಿಟ್ಟದ್ದಲ್ಲ. ನಿಮಗೂ ಗೊತ್ತುಂಟು."

ಸುಬ್ಬಯ್ಯ ಹೆಗಲ ಬೈರಾಸು ಬಟ್ಟೆಯನ್ನು ಕೊಡವಿ ಪುನಃ ಹೆಗಲಿಗೆ ಹಾಕಿಕೊಂಡ. "ವೇಣೂರಿಗೆ ಹೋಗುವ ಆಸೆ ಉಂಟಾ ನಿನಗೆ?"

"ಇಲ್ಲ" ಎಂದಳು ನೀಲಾವತಿ. "ಒಂದು ಚೂರೂ ಇಲ್ಲ."

ಅವನು ಮತ್ತೆ ಮಾತಾಡಲಿಲ್ಲ. ಮರುದಿನವೂ ಆಡಲಿಲ್ಲ. ಹೆಂಗಸರ ಬದಿಗೆ ಮೂವರು ಬಂದರು, ಮೂವರೂ ಪರವೂರಿನಿಂದ ನೆಂಟಸ್ತಿಕೆಗೆ ಬಂದವರು. ಗಂಡಸರು ಮೊದಲ ದಿನ ಸುಮಾರಾಗಿ ಬಂದು, ಎರಡನೆಯ ದಿನ ಕೆಮ್ಮುತ್ತ ಬಂದು, ಮೂರನೆಯ ದಿನ ಬರಲಿಲ್ಲ. ಶೇಖರ ಗೇಟಿನ ಬಳಿ ನಿಂತು, ಖಾಲಿ ಮರಳಿನ ಮೇಲೆ ಚಿತ್ರದ ಬೆಳಕು ಆಡುವುದನ್ನು ನೋಡುತ್ತ, "ಅಷ್ಟು ಒಳ್ಳೆಯ ಚಿತ್ರ, ಅಕ್ಕ" ಎಂದು ಎರಡು ಸಲ ಹೇಳಿದ. ತಪ್ಪು ನಿಮ್ಮದೆಂದು ಹೇಳಲಿಲ್ಲ. ಹೇಳಿದ್ದರೆ ಅವಳಿಗೆ ಹಗುರಾಗುತ್ತಿತ್ತೋ ಏನೋ.

ಚಿತ್ರ ಓಡದ ಕಾರಣ ಸೋಮವಾರ ಪೆಟ್ಟಿಗೆಯನ್ನು ಬೆಳ್ತಂಗಡಿಯ ಇನ್ನೊಂದು ಟಾಕೀಸಿಗೆ ಒಯ್ಯಬೇಕಿತ್ತು. ಸೋಮವಾರ ಬೆಳಿಗ್ಗೆ ಶೇಖರ ಏಳಲಿಲ್ಲ. ನೀಲಾವತಿ ಕಾಫಿ ತಂದು ಕರೆದರೆ, "ಅಕ್ಕ, ನನ್ನ ಕಾಲು ಎಲ್ಲಿ ಉಂಟು ನೋಡಿ, ನನಗೆ ಸಿಕ್ತಾ ಇಲ್ಲ" ಎಂದ. ಮಧ್ಯಾಹ್ನಕ್ಕೆ ಯಂತ್ರ ತಿರುಗಿಸುವ ಧರ್ಣಪ್ಪನೂ ಮಲಗಿದ. ಸಂಜೆ ಸುಬ್ಬಯ್ಯ ಡೇರೆಯ ಬಾಗಿಲಿಗೆ ಹಗ್ಗ ಕಟ್ಟಿ ಬಂದ. ಏಜೆಂಟ್ ಇಲ್ಲದೆ ಪೆಟ್ಟಿಗೆ ಕದಲುವ ಹಾಗಿಲ್ಲ. ಬೆಳ್ತಂಗಡಿಯಿಂದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಬಂದ ಚೀಟಿಯಲ್ಲಿ, ಇಲ್ಲಿಯೂ ಜ್ವರ, ಈಗ ಚಿತ್ರ ಕಳಿಸುವುದು ಬೇಡ ಎಂದು ಬರೆದಿತ್ತು.

ಆ ವಾರ ನೀಲಾವತಿ ದೊಡ್ಡ ಪಾತ್ರೆಯಲ್ಲಿ ಗಂಜಿ ಇಟ್ಟಳು. ಸುಬ್ಬಯ್ಯ ಇಬ್ಬರಿಗೂ ಗಂಜಿ ಕುಡಿಸಿ, ಹಣೆಗೆ ಬಟ್ಟೆ ಒದ್ದೆ ಮಾಡಿ ಹಾಕಿದ. ಡೇರೆ ಹೊತ್ತು ತಿರುಗುವ ಆ ಗಂಡಸು ಜ್ವರದವರ ಬಳಿ ಅಷ್ಟು ಮೆತ್ತಗೆ ಕೂರಬಲ್ಲ ಎಂಬುದು ಅವಳಿಗೆ ಈವರೆಗೆ ತಿಳಿದಿರಲಿಲ್ಲ. ಬುಧವಾರದ ದಿನ ಶೇಖರ ನಡುಗುತ್ತಿದ್ದಾಗ ಅವನ ಕಾಲು ಒತ್ತುತ್ತ, ಹೆಂಡತಿಯ ಕಡೆ ನೋಡದೆಯೇ ಸುಬ್ಬಯ್ಯ ಹೇಳಿದ: "ಪೂವಮ್ಮನಿಗೂ ಹೀಗೇ ಇತ್ತಾ?"

"ಇದಕ್ಕಿಂತ ಜಾಸ್ತಿ."

"ಹ್ಞೂಂ" ಎಂದ. ಆರು ದಿನಗಳ ಮೇಲೆ ಅವರಿಬ್ಬರ ನಡುವೆ ನಡೆದ ಮೊದಲ ಮಾತುಕತೆ ಅದು. ನೀಲಾವತಿ ಎದ್ದು ಅವನಿಗೂ ಒಂದು ಲೋಟ ಬಿಸಿ ಗಂಜಿ ತಂದಿಟ್ಟಳು.

ಮಧ್ಯೆ ಬಿಡುವಾದಾಗ ಅವಳು ಬರಿಗೈಯಲ್ಲಿ ಮನೆಗಳಿಗೆ ಹೋಗಿ ವಿಚಾರಿಸಿ ಬರುತ್ತಿದ್ದಳು. ಹೋದಲ್ಲೆಲ್ಲ ಒಂದೇ ಪ್ರಶ್ನೆ.

"ಪೆಟ್ಟಿಗೆ ಹೋಯ್ತಾ?"

"ಎಲ್ಲಿಗೆ ಹೋಗುವುದು, ಪೆಟ್ಟಿಗೆಯವನೇ ನಮ್ಮ ಜಗಲಿಯಲ್ಲಿ ಮಲಗಿದ್ದಾನೆ."

"ಪಾಪ. ಎಷ್ಟು ದಿನ ಮಲಗ್ತಾನಂತೆ?" ಎಂದು ಕೇಳಿದ ಪೂವಮ್ಮನ ದನಿಯಲ್ಲಿ ಅಷ್ಟೇನೂ ಪಾಪವಿರಲಿಲ್ಲ. ಅವರು ಎದ್ದು ಕೂತಿದ್ದರು. ಸೊಸೆ ತಲೆಗೆ ಎಣ್ಣೆ ಹಚ್ಚುತ್ತಿದ್ದಳು.

ಮುಂದಿನ ಸೋಮವಾರದ ಹೊತ್ತಿಗೆ ಶೇಖರ ಕೋಲು ಹಿಡಿದು ಬಾವಿಕಟ್ಟೆಯವರೆಗೆ ನಡೆದ. ಊರಿನ ಕೆಮ್ಮು ಇಳಿದಿತ್ತು. ಒಂದೆರಡು ಮಳೆ ಬಿದ್ದು ಹೋಗಿತ್ತು, ಆದರೆ ಮಳೆಗಾಲ ಇನ್ನೂ ಹಿಡಿದಿರಲಿಲ್ಲ. ಡೇರೆಯ ಪರವಾನಗಿ ಮುಗಿಯಲು ಹನ್ನೆರಡು ದಿನ ಉಳಿದಿತ್ತು. ಬುಧವಾರ ಸುಬ್ಬಯ್ಯ ಪದ್ಯದ ಪುಸ್ತಕಗಳ ಕಟ್ಟನ್ನು ತಂದು ಹೆಂಡತಿಯ ಪಕ್ಕದಲ್ಲಿಟ್ಟ.

"ನಿನಗೆ ಸರಿ ಕಂಡರೆ" ಎಂದ.

ಅವಳು ಒಂದು ದಿನವಿಡೀ ತಿರುಗಿದಳು. ಈ ಸಲ ಬೆಲ್ಲ ನೀರು ಕುಡಿದೊಡನೆ ಹೇಳಿಕೆಯ ಮಾತಿಗೆ ಬರಲಿಲ್ಲ. ಜ್ವರ ಬಿಟ್ಟು ಎಷ್ಟು ದಿನವಾಯಿತು, ಮನೆಯಲ್ಲಿ ಮಲಗಿದವರು ಯಾರಾದರೂ ಇದ್ದಾರೋ ಎಂದು ಕೇಳಿದಳು. ನಾಲ್ಕು ದಿನ ದಾಟಿದ ಮನೆಗೆ ಹೇಳಿದಳು, ದಾಟದ ಮನೆಗೆ ಹೇಳಲಿಲ್ಲ. ಹೇಳಿಸಿಕೊಳ್ಳದ ಒಬ್ಬಿಬ್ಬರು ಮುಖ ಊದಿಸಿಕೊಂಡರು.

ಶುಕ್ರವಾರ ಹೆಂಗಸರು ಬಂದರು. ಕೆನ್ನೆ ಒಳಗೆ ಹೋದವರು, ರವಿಕೆ ದೊಗಳೆಯಾದವರು, ದಾರಿಯಲ್ಲಿ ಎರಡು ಕಡೆ ಕೂತು ದಣಿವಾರಿಸಿಕೊಂಡವರು. ಎರಡು ವಾರ ಕತ್ತಲೆ ಕೋಣೆಯಲ್ಲಿ ಮಲಗಿದ್ದವರಿಗೆ ಹೊರಗೆ ಬಂದದ್ದೇ ಒಂದು ಸಂಭ್ರಮ. ಪೂವಮ್ಮ ಹಸಿರು ಸೀರೆಯುಟ್ಟು ಮುಂದಿದ್ದರು. ಶನಿವಾರ ಇನ್ನೂ ಹೆಚ್ಚು ಮಂದಿ ಬಂದರು, ಭಾನುವಾರ ಹೆಂಗಸರ ಬದಿಯನ್ನು ಬೇರೆ ಮಾಡುವ ತಟ್ಟಿಯನ್ನು ನಾಲ್ಕು ಮಾರು ಆಚೆಗೆ ಸರಿಸಬೇಕಾಯಿತು. ಅತ್ತಿಗೆ ನಾದಿನಿಯರ ಕಥೆಗೆ ಒಳಗಿನಿಂದ ಮೂಗೆಳೆದು ಅಳುವ ಸದ್ದು ಕೇಳಿದಾಗ ಶೇಖರ, "ಇದು ಜ್ವರದ ಮೂಗಲ್ಲ, ಚಿತ್ರದ ಮೂಗು" ಎಂದು ಸುಬ್ಬಯ್ಯನ ಬೆನ್ನು ತಟ್ಟಿದ. ಸುಬ್ಬಯ್ಯ ದೀಪಾವಳಿಗೆ ಬಂಟ್ವಾಳಕ್ಕೆ ಯಾವ ಪೆಟ್ಟಿಗೆ ಸಿಗಬಹುದೆಂದು ಅವನ ಬಳಿ ಕೇಳುತ್ತಿದ್ದುದು ಗೇಟಿನಲ್ಲಿದ್ದ ನೀಲಾವತಿಗೆ ಕೇಳಿಸಿತು. ಅವಳು ಆ ಕಡೆ ತಿರುಗಲಿಲ್ಲ. ಮುಖದ ಮೇಲಿನ ಸಂತೋಷವನ್ನು ಯಾರಿಗೂ ತೋರಿಸದೆ ಒಂದು ಗಳಿಗೆ ತನಗೇ ಇಟ್ಟುಕೊಂಡಳು.

ಭಾನುವಾರದ ಮೊದಲ ಆಟಕ್ಕೆ ಕಡೆಯದಾಗಿ ಓಡಿ ಬಂದವಳು ಶಾಲೆಯ ಮಾಸ್ಟ್ರ ಎಳೆಯ ಹೆಂಡತಿ ಜಲಜಾಕ್ಷಿ. ಅವಳಿಗೆ ಹೇಳಿಕೆ ಆಗಿತ್ತು, ಜ್ವರ ಬಿಟ್ಟು ಐದು ದಿನವೆಂದು ತಾನೇ ಹೇಳಿದ್ದಳು. ಟಿಕೇಟು ಚಾಚಿದ ಕೈ ನೀಲಾವತಿಯ ಕೈಗೆ ತಾಗಿತು. ನೀಲಾವತಿ ಅವಳ ಹಣೆ ಮುಟ್ಟಿ ನೋಡಿದಳು.

"ಬೆಚ್ಚಗೆ ಉಂಟಲ್ಲ ಜಲಜ."

"ಬಿಸಿಲಿಗೆ ನಡೆದು ಬಂದೆನಲ್ಲ ಅಕ್ಕ, ಅದಕ್ಕೆ."

"ಬಿಸಿಲು ಹೋಗಿ ಎಷ್ಟು ಹೊತ್ತಾಯ್ತು? ಮನೆಗೆ ಹೋಗಿ ಮಲಗು."

"ನೀವೇ ಬಂದು ಹೇಳಿದ್ದಲ್ವಾ?"

"ನಾನೇ ಹೇಳಿದ್ದು. ಈಗ ನಾನೇ ಬೇಡ ಅಂತಿದ್ದೇನೆ."

ಜಲಜಾಕ್ಷಿಯ ಕಣ್ಣು ತುಂಬಿತು. "ಎಲ್ಲರೂ ನೋಡಿ ಆಯ್ತು. ನಾಳೆ ಪೆಟ್ಟಿಗೆ ಹೋಗ್ತದಂತೆ."

ಸುಬ್ಬಯ್ಯ ಗಂಡಸರ ಗೇಟು ಬಿಟ್ಟು ಇತ್ತ ಬಂದಿದ್ದ. ಹೆಂಡತಿಯ ಕೈ ಇನ್ನೂ ಆ ಹುಡುಗಿಯ ಹಣೆಯ ಮೇಲಿದ್ದುದನ್ನು ನೋಡಿದ.

"ಪೆಟ್ಟಿಗೆ ಗುರುವಾರ ಹೋಗುವುದು" ಎಂದ.

"ಸುಬ್ಬಯ್ಯಣ್ಣ, ನಾಳೆ ಅಂತ ನಾನು ಕಂಪೆನಿಗೆ ಬರೆದಿದ್ದೇನೆ" ಎಂದು ಹಿಂದಿನಿಂದ ಶೇಖರ ಹೇಳಿದ.

"ಇನ್ನೊಂದು ಬರಿ. ಏಜೆಂಟಿಗೆ ಇನ್ನೂ ನಿಶ್ಶಕ್ತಿ ಉಂಟು ಅಂತ ಬರಿ." ಸುಬ್ಬಯ್ಯ ಟಿಕೇಟನ್ನು ಹರಿಯದೆ ಜಲಜಾಕ್ಷಿಗೆ ಹಿಂದೆ ಕೊಟ್ಟ. "ಬುಧವಾರದ ಆಟಕ್ಕೆ ಇದೇ ಟಿಕೇಟು ಆಗ್ತದೆ, ತಂಗಿ. ಬಾ, ಮನೆಯವರೆಗೆ ನಾನು ಬರ್ತೇನೆ."

ಅವರಿಬ್ಬರೂ ಬಸ್ಸಿನ ದಾರಿಗೆ ಇಳಿದರು, ಅವನು ಟಾರ್ಚು ಹಿಡಿದು ಮುಂದೆ, ಅವಳು ಸೆರಗು ಹೊದ್ದು ಹಿಂದೆ. ನೀಲಾವತಿ ಗೇಟಿನ ಹಗ್ಗ ಕಟ್ಟದೆ ಅವನು ಬರುವವರೆಗೆ ಅಲ್ಲೇ ನಿಂತಳು.