ಗಾಳಿ ಮಿಷಿನ್ನಿನ ಪಕ್ಕದ ನೀಲಿ ಪೆಟ್ಟಿಗೆ

ನಾನು ಲಸಿಕೆ ಒಯ್ಯುವ ಒಂದು ನೀಲಿ ಪೆಟ್ಟಿಗೆ. ಅಚ್ಚಿನೊಳಗೆ ಕುದಿಯುವ ಪ್ಲಾಸ್ಟಿಕ್ ಸುರಿದು ನನ್ನನ್ನು ಮಾಡಿದರು. ಬಿಸಿಯಲ್ಲಿ ಹುಟ್ಟಿದ ನನ್ನ ಪಾಲಿಗೆ ಬಂದದ್ದು ಮಾತ್ರ ತಣ್ಣಗಿರುವ ಕೆಲಸ. ಒಳಗೆ ನಾಲ್ಕು ಬದಿಗೂ ಮಂಜುಗಡ್ಡೆ, ನಡುವೆ ಬೆರಳುದ್ದದ ಲಸಿಕೆ ಸೀಸೆಗಳು.

ಕೊಪ್ಪಳದ ಕಡೆಯ ಒಂದು ಆರೋಗ್ಯ ಕೇಂದ್ರಕ್ಕೆ ಬಂದೆ. ಅಲ್ಲಿ ನನ್ನನ್ನು ಹೆಗಲಿಗೇರಿಸಿಕೊಂಡವರು ನೀಲವ್ವ ಸಿಸ್ಟರ್. ಪ್ರತಿ ಗುರುವಾರ ಕಲ್ಲು ಕ್ವಾರಿಯ ಕೂಲಿಕಾರರ ಗುಡಿಸಲುಗಳಿಗೆ ನಮ್ಮ ಸವಾರಿ. ನಾನು ಕಣ್ಣಿಗೆ ಬಿದ್ದೊಡನೆ ಮಕ್ಕಳು ಹೋ ಎಂದು ಅಳುತ್ತ ಓಡುತ್ತಿದ್ದವು. ತಾಯಂದಿರು ಮುಖ ಗಂಟಿಕ್ಕುತ್ತಿದ್ದರು.

ಕೇಂದ್ರದಲ್ಲಿ ನನ್ನ ಪಕ್ಕದಲ್ಲೇ ಆಮ್ಲಜನಕದ ಯಂತ್ರವಿತ್ತು. ಜನರ ಬಾಯಲ್ಲಿ ಅದು ‘ಗಾಳಿ ಮಿಷಿನ್’. ಅದನ್ನು ಕಂಡರೆ ನನಗಾಗುತ್ತಿರಲಿಲ್ಲ. ಕ್ವಾರಿಯಲ್ಲಿ ಕಲ್ಲು ಒಡೆಯುವ ಹುಲಿಗೆವ್ವನ ಮಗನಿಗೆ ದಡಾರ ಬಂದು, ಅದು ಎದೆಗಿಳಿದು ಉಸಿರು ಕಟ್ಟಿದಾಗ, ಎರಡು ದಿನ ಗಾಳಿ ಕೊಟ್ಟದ್ದು ಆ ಯಂತ್ರವೇ. ಹುಡುಗ ಉಳಿದ. ಹುಲಿಗೆವ್ವ ಯಂತ್ರಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಅಡ್ಡಬಿದ್ದಳು. ಹೊಟ್ಟೆಯೊಳಗೆ ಅಷ್ಟೆಲ್ಲ ಮಂಜುಗಡ್ಡೆ ಇಟ್ಟುಕೊಂಡೂ ನನಗೆ ಹೊಟ್ಟೆ ಉರಿಯಿತು.

ಮರುವರ್ಷ ಪಕ್ಕದ ಕ್ವಾರಿಯಲ್ಲಿ ದಡಾರ ಕಾಣಿಸಿತು. ಹುಲಿಗೆವ್ವನ ಮಗಳು ದುರುಗಿಗೆ ಆಗಷ್ಟೇ ಒಂಬತ್ತು ತಿಂಗಳು ತುಂಬಿತ್ತು. ನೀಲವ್ವ ನನ್ನನ್ನು ಹೊತ್ತು ಅವಳ ಗುಡಿಸಲಿಗೆ ಹೋದರು.

“ಬ್ಯಾಡ್ರಿ ಅಕ್ಕಾರ,” ಎಂದಳು ಹುಲಿಗೆವ್ವ. “ಚಂದಾಗಿ ಆಡೋ ಕೂಸಿಗೆ ಯಾಕ ಜ್ವರಾ ತರಿಸ್ತೀರಿ? ಏನರ ಆದ್ರ ಗಾಳಿ ಮಿಷಿನ್ ಐತಲ್ರಿ!”

ಅಲ್ಲಿಯೂ ಅದರದೇ ಹೆಸರು!

ನೀಲವ್ವ ನನ್ನನ್ನು ನೆರಳಿಗಿಟ್ಟು ಕಲ್ಲಿನ ಮೇಲೆ ಕೂತರು. “ಕೆಮ್ಮಿದ ಗಾಳಿಯೊಳಗ ಬರೋ ಬ್ಯಾನಿ ಅದು, ಹುಲಿಗೆವ್ವ. ಬಂದ್ರ ಒಂದ ಕೂಸಿಗೆ ನಿಲ್ಲೂದಿಲ್ಲ, ಇಪ್ಪತ್ತಕ್ಕ ಬರ್ತೈತಿ. ಮಿಷಿನ್ ಇರೋದು ಒಂದ. ಹೋದ ವರ್ಷ ಮಗನ ಎದಿ ಮ್ಯಾಲ ಕೈ ಇಟಗೊಂಡು ಕುಂತಿದ್ದಿ. ಆ ಎರಡು ದಿನ ಮತ್ತ ಬೇಕೇನು ನಿನಗ?”

ಹುಲಿಗೆವ್ವ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಮುಖ ಆಚೆ ತಿರುಗಿಸಿದಳು. ಸೂಜಿ ಚುಚ್ಚಿದಾಗ ದುರುಗಿ ಕಿರುಚಿದ್ದು ಕ್ವಾರಿಗೆಲ್ಲ ಕೇಳಿತು.

ತಿಂಗಳೊಪ್ಪತ್ತಿನಲ್ಲಿ ದಡಾರ ಆ ಗುಡಿಸಲುಗಳಿಗೂ ಬಂತು. ಲಸಿಕೆ ಬೇಡವೆಂದಿದ್ದ ಮನೆಗಳ ಆರು ಮಕ್ಕಳು ಕೇಂದ್ರ ಸೇರಿದವು. ಅದರಲ್ಲೊಂದು ಹೆಣ್ಣುಮಗು, ಗಾಳಿ ಮಿಷಿನ್ನಿನ ಕೊಳವೆ ಮೂಗಿನಲ್ಲಿರುವಂತೆಯೇ ಕಣ್ಣು ಮುಚ್ಚಿತು. ಯಂತ್ರ ಸದ್ದು ಮಾಡುತ್ತಲೇ ಇತ್ತು. ಅದನ್ನು ನಿಲ್ಲಿಸಲು ಯಾರಿಗೂ ನೆನಪಾಗಲಿಲ್ಲ. ಆ ದಿನ ಅದರ ಮೇಲೆ ನನಗೆ ಹೊಟ್ಟೆಕಿಚ್ಚು ಬರಲಿಲ್ಲ. ಪಾಪ ಎನಿಸಿತು.

ದುರುಗಿಗೆ ಏನೂ ಆಗಲಿಲ್ಲ. ಏನೂ ಆಗದ್ದಕ್ಕೆ ಯಾರು ತಾನೇ ಕೈಮುಗಿಯುತ್ತಾರೆ? ನನಗೂ ಯಾರೂ ಮುಗಿಯಲಿಲ್ಲ.

ವರ್ಷಗಳುರುಳಿ ನನ್ನ ಮುಚ್ಚಳ ಸಡಿಲವಾಯಿತು, ತಂಪು ನಿಲ್ಲದಾಯಿತು. ಈಗ ಕೇಂದ್ರದ ಮೂಲೆಯಲ್ಲಿ ಹಳೆಯ ರಿಜಿಸ್ಟರುಗಳ ಕೆಳಗಿದ್ದೇನೆ. ನೀಲವ್ವನವರ ಹೆಗಲೇರಿರುವುದು ಹೊಸ ಪೆಟ್ಟಿಗೆ. ಗುರುವಾರ ಬಂತೆಂದರೆ ನನ್ನಿಂದ ನೋಡಲಾಗದು.

ಮೊನ್ನೆ ಹುಲಿಗೆವ್ವ, ಯಾರೂ ಕರೆಯದೆಯೇ, ಐದು ವರ್ಷದ ದುರುಗಿಯನ್ನು ಲಸಿಕೆಗೆ ಕರೆತಂದಳು.

“ನನಗ ಬ್ಯಾನಿ ಇಲ್ಲಲ್ಲಬೇ, ಯಾಕ ಸೂಜಿ?” ಎಂದಳು ಹುಡುಗಿ.

“ಇಲ್ಲ ನೋಡು, ಹಂಗ ಇರ್ಲಿ ಅಂತ,” ಎಂದಳು ಹುಲಿಗೆವ್ವ.

ಈ ಒಂದು ಮಾತಿಗಾಗಿ ನಾನು ಎಷ್ಟು ಗುರುವಾರ ಬಿಸಿಲಲ್ಲಿ ಅಲೆದಿದ್ದೆ! ಅದು ಬಂದದ್ದು ಮೇಜಿನ ಮೇಲೆ ಮೆರೆಯುತ್ತಿದ್ದ ಹೊಸಬನ ಎದುರಿಗೆ. ದುರುಗಿ ಅಳದೆ ತೋಳು ಚಾಚಿದಳು. ಅವಳು ನೋಡಿದ್ದೂ ಅವನನ್ನೇ. ನೋಡಲಿ. ದಡಾರದ ವರ್ಷ ಅವಳ ಗುಡಿಸಲಿಗೆ ಹೋದವನು ನಾನು. ಅದನ್ನು ನನ್ನಿಂದ ಕಿತ್ತು ಅವನಿಗೆ ಯಾರೂ ಕೊಡಲಾರರು.