ಬಜರಿಗೆ ಹೊಲಿದ ಮುಸುಕು

ಹೆಂಡತಿ ತೀರಿಕೊಂಡ ಮೇಲೆ ಮುದುಕ ದರ್ಜಿಗೆ ಉಳಿದದ್ದು ಹೊಲಿಗೆಯಂತ್ರ, ಒಂದು ಗಾಜಿನ ತೊಟ್ಟಿ, ಅದರಲ್ಲೊಂದು ಮುದಿ ಮೀನು. ಮೀನು ಅವಳದು. ಬಣ್ಣ ಮಾಸಿ, ಒಂದು ಕಣ್ಣು ಮಂಜಾಗಿದ್ದ ಅದನ್ನು ಅವಳು "ಯಜಮಾನರು" ಎಂದೇ ಕರೆಯುತ್ತಿದ್ದಳು. ಮನೆಯ ಯಜಮಾನ ರೇಗಿದರೆ, "ಅವರು ಬಾಯಿ ಬಿಟ್ರೆ ಗುಳ್ಳೆನಾದ್ರೂ ಬರುತ್ತೆ, ನಿಮ್ಮ ಬಾಯಲ್ಲಿ ಬರೀ ಗೊಣಗಾಟ" ಎನ್ನುತ್ತಿದ್ದಳು.

ರೇಡಿಯೋ ರಿಪೇರಿ ಮಾಡುತ್ತಿದ್ದವಳು ಅವಳು. ತೊಟ್ಟಿಯ ಫಿಲ್ಟರ್ ನಿಂತರೆ ತಿಳಿಯಲೆಂದು ತಾನೇ ಒಂದು ಕಾವಲು ಮಾಡಿಟ್ಟಿದ್ದಳು. ಫಿಲ್ಟರಿನಿಂದ ಬೀಳುವ ನೀರು, ಡಬ್ಬಿಯ ಮುಚ್ಚಳದಿಂದ ಕತ್ತರಿಸಿದ ಪುಟ್ಟ ರೆಕ್ಕೆಯೊಂದನ್ನು ಒತ್ತಿ ಹಿಡಿದಿರುತ್ತಿತ್ತು. ನೀರು ನಿಂತರೆ ರೆಕ್ಕೆ ಮೇಲೇಳುವುದು. ಅದರ ತುದಿಯ ಅಯಸ್ಕಾಂತ ಸ್ವಿಚ್ಚಿನ ಹತ್ತಿರ ಬರುವುದು. ಹಳೆಯ ಅಲಾರಂ ಗಡಿಯಾರದಿಂದ ಕಿತ್ತು ತೊಟ್ಟಿಯ ಅಂಚಿಗೆ ಕಟ್ಟಿದ್ದ ಬಜರ್ ಕಿರುಚುವುದು. ಅಯಸ್ಕಾಂತ ದರ್ಜಿಯ ಪೆಟ್ಟಿಗೆಯದೇ, ಕೈಚೀಲಕ್ಕೆ ಹಾಕುವ ಗುಂಡಿ. ದಿನವೂ ಸಂಜೆ ಪ್ರಾರ್ಥನೆಗೆ ಮುಂಚೆ ಅವಳು ರೆಕ್ಕೆಯನ್ನು ಬೆರಳಿನಿಂದ ಎತ್ತಿ, "ಏನ್ರೀ, ಕೇಳಿಸ್ತಾ?" ಎಂದು ಒಳಗಿನಿಂದ ಕೂಗುತ್ತಿದ್ದಳು. ಹೊಲಿಯುತ್ತ ಕೂತವನು "ಕೇಳಿಸ್ತು ಕಣೇ" ಎನ್ನಬೇಕು. ಉತ್ತರ ಬರುವ ತನಕ ಬೆರಳು ತೆಗೆಯುತ್ತಿರಲಿಲ್ಲ.

ಅವಳ ಸಾವಿಗೆ ಬಂದ ನೆಂಟರು ಮನೆ ತುಂಬಿದ್ದಾಗ, ಯಾರದೋ ಕೈ ತಗಲಿ ಬಜರ್ ಕೂಗಿತು. ದರ್ಜಿಯ ಬಾಯಿ ತಾನಾಗಿ "ಕೇಳಿಸ್ತು" ಎಂದುಬಿಟ್ಟಿತು. ಎಲ್ಲರೂ ತಲೆ ತಗ್ಗಿಸಿದರು. ಅಂದೇ ಅವನು ಹತ್ತಿ ತುಂಬಿದ ಮುಸುಕೊಂದನ್ನು ಹೊಲಿದು ಬಜರಿಗೆ ತೊಡಿಸಿದ. ಅಳತೆ ಸರಿಯಾಗಿತ್ತು. ಅಂಚನ್ನು ಮಾತ್ರ ಮಡಿಚಿ ಹೊಲಿಯಲಿಲ್ಲ; ಕೈ ಸೋತಿತ್ತು.

ಪಕ್ಕದ ಬೀದಿಯಲ್ಲಿದ್ದ ಹೆಂಡತಿಯ ತಂಗಿ, ಭಾವನಿಗೆ ಊಟವನ್ನೇ ನೆನಪಿಸಬೇಕಾಗಿದೆ, ಇನ್ನು ಮೀನಿಗೆ ಯಾರು ಗತಿ ಎಂದು, ಭಾನುವಾರ ಬಂದು ತೊಟ್ಟಿಯನ್ನು ಒಯ್ಯುವುದಾಗಿ ಹೇಳಿಹೋದಳು. ಬೇಡವೆನ್ನಲು ಅವನಿಗೆ ತ್ರಾಣವಿರಲಿಲ್ಲ. ಹೆಂಡತಿಯನ್ನು ಕರೆದುಕೊಂಡದ್ದೇಕೆಂದು ಕೇಳುವುದಿಲ್ಲ, ಇದೊಂದನ್ನು ನನ್ನ ಹತ್ತಿರ ಬಿಡು ಎಂದು ದೇವರನ್ನಷ್ಟೇ ಬೇಡಿಕೊಂಡ.

ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಹೋಗಿ ನೋಡಿದರೆ, ಮೀನು ನೀರಿನ ಮೇಲ್ಗಡೆ ಬಾಯಿ ಬಿಡುತ್ತ ತೇಲುತ್ತಿತ್ತು. ಫಿಲ್ಟರಿನಿಂದ ನೀರು ಬೀಳುತ್ತಿರಲಿಲ್ಲ. ರೆಕ್ಕೆ ಮೇಲೆದ್ದಿತ್ತು. ಮುಸುಕಿಗೆ ಕಿವಿಯಿಟ್ಟ. ಮುಷ್ಟಿಯಲ್ಲಿ ಸಿಕ್ಕಿದ ಜೇನುಹುಳದಂತೆ ಸಣ್ಣ ಸದ್ದು. ಎಷ್ಟು ಹೊತ್ತಿನಿಂದ ಕೂಗುತ್ತಿತ್ತೋ.

ಪ್ಲಗ್ ಕಿತ್ತು, ಫಿಲ್ಟರ್ ಬಿಚ್ಚಿದ. ನೀರನ್ನು ತಳ್ಳುವ ಪುಟ್ಟ ಚಕ್ರಕ್ಕೆ ಬಿಳಿ ಎಳೆಯೊಂದು ಬಿಗಿಯಾಗಿ ಸುತ್ತಿಕೊಂಡಿತ್ತು. ತನ್ನ ಬಟ್ಟೆಯ ಎಳೆಯನ್ನು ದರ್ಜಿಗೆ ಬೇರೆಯವರು ತೋರಿಸಬೇಕಾಗಿಲ್ಲ. ಮುಸುಕಿನ ಮಡಿಚದೆ ಬಿಟ್ಟ ಅಂಚಿನಿಂದಲೇ ಅದು ಕಳಚಿ ನೀರಿಗೆ ಬಿದ್ದಿತ್ತು. ಸೂಜಿಯ ಮೊನೆಯಿಂದ ಬಿಡಿಸಿ ತೆಗೆದು, ಫಿಲ್ಟರನ್ನು ಮತ್ತೆ ಜೋಡಿಸಿದ. ನೀರು ಬಿದ್ದಿತು, ರೆಕ್ಕೆ ಬಾಗಿತು. ಬಹಳ ಹೊತ್ತಿನ ಮೇಲೆ ಮೀನು ನಿಧಾನವಾಗಿ ಕೆಳಗಿಳಿಯಿತು.

ಆಗಲೇ ನಾದಿನಿ ಬಕೆಟ್ಟು ಹಿಡಿದು ಬಂದಳು. ಅವನು ಏನನ್ನೂ ಮುಚ್ಚಿಡದೆ ಹೇಳಿದ. ಅವಳು ಮುಸುಕನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಬದುಕಿದ್ದಾಗ ಅಕ್ಕನ ಬಾಯಿ ಮುಚ್ಚಿಸೋಕೆ ನಿಮ್ಮ ಕೈಲಿ ಆಗ್ಲಿಲ್ಲ. ಈಗ ಹೊಲಿಗೆ ಹಾಕಿದ್ರಾ ಭಾವ?"

ಅವನಿಗೆ ನಗು ಬಂತು, ಅದರ ಹಿಂದೆಯೇ ಅಳು.

"ತಗೊಂಡ್ಹೋಗಮ್ಮ," ಎಂದ. "ಇನ್ನು ನನ್ನ ಕೈಲಿ ಆಗಲ್ಲ."

ಅವಳು ಮುಸುಕನ್ನು ಕಳಚಿ ಅವನ ಕೈಗಿತ್ತು, ಹೋಗಿ ಯಂತ್ರದ ಮುಂದೆ ಕೂತುಕೊಳ್ಳಿ ಎಂದಳು. ಅವನು ಹೋಗಿ ಕೂತ. ಒಳಗೆ ಬಜರ್ ಕಿರುಚಿತು.

"ಭಾವ, ಕೇಳಿಸ್ತಾ?"

ಬಜರ್ ಕೂಗುತ್ತಲೇ ಇತ್ತು. ಅಕ್ಕನ ಹಾಗೆಯೇ ಹಟಮಾರಿ. ಅವಳೂ ಬೆರಳು ತೆಗೆಯಲಿಲ್ಲ.

"ಕೇಳಿಸ್ತು ಕಣಮ್ಮ," ಎಂದ ಕೊನೆಗೆ.

ಸದ್ದು ನಿಂತಿತು. ಸಂಜೆ ಮತ್ತೆ ಬಂದು ಕೂಗಿಸುತ್ತೇನೆ, ಅಷ್ಟರಲ್ಲಿ ಊಟ ಆಗಿರಬೇಕು ಎಂದು ಹೇಳಿ ಅವಳು ಖಾಲಿ ಬಕೆಟ್ಟು ಹಿಡಿದು ಹೊರಟಳು. ಮುಸುಕು ಅವನ ಮಡಿಲಲ್ಲಿತ್ತು. ಹೊಲಿಗೆ ಬಿಚ್ಚಿ ಹತ್ತಿಯನ್ನು ಹೊರತೆಗೆದ. ಬಟ್ಟೆ ಯಂತ್ರ ಒರೆಸಲು ಆದೀತು.